ಬರೇ ಹುಲ್ಲ ಬೆಳಸೀರಿ, ಮೀನ ಎಲ್ಲಿ?

ನಮ್ಮ ಮನೆಯ ಫಿಶ್ ಟ್ಯಾಂಕ್ ನೋಡಿದವರಿಂದ ಈ ಪ್ರಶ್ನೆಯನ್ನು ನಾನು ಎಂಟು ವಾರ ಕೇಳಿಸಿಕೊಂಡೆ. ಹಾಲಿನವರು ಕೇಳಿದರು, ಮೇಲಿನ ಮನೆಯ ಕಾಕು ಕೇಳಿದರು. ಗ್ಯಾಸ್ ಸಿಲಿಂಡರ್ ಇಳಿಸಲು ಬಂದ ಹುಡುಗ ಗಾಜಿಗೆ ಮುಖ ಹಚ್ಚಿ ಒಂದು ನಿಮಿಷ ನೋಡಿ, "ಎಲ್ಲಾ ಸತ್ತಾವೇನ್ರೀ ಸರ್?" ಅಂತ ಪಾಪ ಸಮಾಧಾನದ ದನಿಯಲ್ಲಿ ಕೇಳಿದ. ಸತ್ತಿಲ್ಲ, ಇನ್ನೂ ತಂದೇ ಇಲ್ಲ ಅಂದರೆ ಯಾರೂ ನಂಬುತ್ತಿರಲಿಲ್ಲ. ನೀರು ತುಂಬಿಸಿ, ಲೈಟ್ ಹಾಕಿ, ಗಿಡ ನೆಟ್ಟು, ಮೀನು ಬಿಡದೆ ಎರಡು ತಿಂಗಳು ಕೂತವನನ್ನು ಹುಬ್ಬಳ್ಳಿಯಲ್ಲಿ ಏನಂತ ಕರೆಯುತ್ತಾರೆ ಅಂತ ನಿಮಗೇ ಗೊತ್ತು.

ಆದರೆ ಅದಕ್ಕೂ ಮೊದಲು ನಿಜವಾಗಿಯೇ ಸತ್ತಿದ್ದವು. ಅಲ್ಲಿಂದಲೇ ಶುರು ಮಾಡುತ್ತೇನೆ.

ಡಿಸೆಂಬರಿನಲ್ಲಿ ಮಗಳ ಹುಟ್ಟುಹಬ್ಬ. ಐದನೇ ಕ್ಲಾಸು. ಫಿಶ್ ಟ್ಯಾಂಕ್ ಬೇಕು ಅಂದಳು. ಎರಡು ಅಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಗಾಜಿನ ತೊಟ್ಟಿ ತಂದೆ. 5 ಮಿಲಿಮೀಟರ್ ಗಾಜು, 1,500 ರೂಪಾಯಿ. ಅಂಗಡಿಯವರು ಬಹಳ ಸರಳವಾಗಿ ಹೇಳಿದರು: "ಇವತ್ತ ನೀರ ತುಂಬ್ರಿ, ಈ ಔಷಧ ನಾಕ ಹನಿ ಹಾಕ್ರಿ, ನಾಳೆ ಮೀನ ಬಿಡ್ರಿ. ಏನೂ ಆಗಂಗಿಲ್ರೀ." ಬೋರ್‌ವೆಲ್ ನೀರು ತುಂಬಿಸಿದೆ. ನಾಲ್ಕು ಹನಿ ಹಾಕಿದೆ. ಮರುದಿನ ಎರಡು ಗೋಲ್ಡ್‌ಫಿಶ್, ನಾಲ್ಕು ಟೆಟ್ರಾ ಬಿಟ್ಟೆವು. ಮಗಳು ಆರಕ್ಕೂ ಹೆಸರಿಟ್ಟಳು.

ನಾಲ್ಕನೇ ದಿನ ಬೆಳಗಿನ ಜಾವ ನೀರು ಕುಡಿಯಲು ಎದ್ದವನು ಟ್ಯಾಂಕ್ ಕಡೆ ನೋಡಿದೆ. ಆರೂ ಮೀನು ಮೇಲ್ಗಡೆ ಸಾಲಾಗಿ ನಿಂತಿದ್ದವು. ಬಾಯಿಯನ್ನು ನೀರಿನ ಅಂಚಿಗೆ ಹಚ್ಚಿ ತೆಗೆದು ಮುಚ್ಚುತ್ತಿದ್ದವು. ಕಿವಿರು ಕೆಂಪಗೆ, ಉಜ್ಜಿದ ಗಾಯದ ಹಾಗೆ. ಹಸಿವೆ ಇರಬೇಕು ಅಂತ ಇನ್ನೊಂದು ಚಿಟಿಕೆ ಕಾಳು ಹಾಕಿ ಹೋಗಿ ಮಲಗಿದೆ. ಇದಕ್ಕಿಂತ ಕೆಟ್ಟ ಕೆಲಸ ಆ ಹೊತ್ತಿಗೆ ಇನ್ನೊಂದಿರಲಿಲ್ಲ ಅಂತ ಆಮೇಲೆ ತಿಳಿಯಿತು. ಎಂಟನೇ ದಿನಕ್ಕೆ ಆರೂ ಹೋದವು. ಹಿತ್ತಲಿನ ಕರಿಬೇವಿನ ಬುಡದಲ್ಲಿ ಹೂತೆವು. ಮಗಳು ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ.

ಏನಾಗಿತ್ತು ಅಂದರೆ, ಮೀನಿನ ಹೊಲಸು ಮತ್ತು ಉಳಿದ ಕಾಳು ಕೊಳೆತು ನೀರಿನಲ್ಲಿ ಅಮೋನಿಯಾ ಆಗುತ್ತದೆ. ಅದು ವಿಷ. ಹಳೆಯ ಕೆರೆಯಲ್ಲಿ, ಹಳೆಯ ಟ್ಯಾಂಕಿನಲ್ಲಿ ಅದನ್ನು ತಿನ್ನುವ ಬ್ಯಾಕ್ಟೀರಿಯಾ ಇರುತ್ತವೆ. ಒಂದು ಜಾತಿ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಇನ್ನೊಂದು ಜಾತಿ ಅದನ್ನು ನೈಟ್ರೇಟ್ ಮಾಡುತ್ತದೆ. ಇದರಿಂದ ಅಷ್ಟು ತೊಂದರೆ ಇಲ್ಲ, ಗಿಡಗಳಿಗೆ ಗೊಬ್ಬರ. ಈ ಎರಡೂ ಜಾತಿ ಫಿಲ್ಟರಿನ ಸ್ಪಂಜಿನಲ್ಲಿ, ಕಲ್ಲಿನ ಮೇಲೆ ಮನೆ ಮಾಡಿಕೊಂಡು ಬೆಳೆಯಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ನಾನು ಕೊಟ್ಟಿದ್ದು ಒಂದು ರಾತ್ರಿ. ಮೇಲಾಗಿ ಬೋರ್ ನೀರಿನಲ್ಲಿ ಪಿಎಚ್ (ನೀರಿನ ಹುಳಿ-ಕ್ಷಾರದ ಅಳತೆ) ಜಾಸ್ತಿ. ಪಿಎಚ್ ಏರಿದಷ್ಟೂ ಅಮೋನಿಯಾ ಹೆಚ್ಚು ಕಟುವಾಗುತ್ತದೆ. ಗೋಲ್ಡ್‌ಫಿಶ್ ಅಂತೂ ದೊಡ್ಡದಾಗಿ ಬೆಳೆಯುವ, ಜಾಸ್ತಿ ಹೊಲಸು ಮಾಡುವ ಮೀನು. ಎರಡಡಿ ಟ್ಯಾಂಕಿಗೆ ಅದು ಸಲ್ಲದು.

ಎರಡನೇ ಸಲ ಸಂಕ್ರಾಂತಿಯ ಮರುದಿನ ಶುರು ಮಾಡಿದೆ. ಈ ಸಲ ಗಿಡಗಳ ಟ್ಯಾಂಕ್. ಗಿಡಗಳು ಅಮೋನಿಯಾವನ್ನು ನೇರವಾಗಿ ಎಳೆದುಕೊಳ್ಳುತ್ತವೆ ಅಂತ ಓದಿದ್ದೆ. ಅದೇ ಆಸೆ.

ಮೊದಲು ಜಾಗ. ತುಂಬಿದ ಟ್ಯಾಂಕು, ಮಣ್ಣು, ಕಲ್ಲು ಎಲ್ಲ ಸೇರಿ 70 ಕೆಜಿ ಹತ್ತಿರ ಆಗುತ್ತದೆ. ಶೋಕೇಸ್ ಮೇಲೆ ಇಡುವ ಮಾತೇ ಇಲ್ಲ. ಹಾಲ್‌ನಲ್ಲಿ ಗೋಡೆಗೆ ಕಟ್ಟಿದ ಕಡಪಾ ಕಲ್ಲಿನ ಕಟ್ಟೆ ಇತ್ತು, ಅವ್ವ ಅದರ ಮೇಲೆ ಹಳೆಯ ಪೇಪರ್ ಪೇರಿಸಿದ್ದಳು. ಖಾಲಿ ಮಾಡಿಸಿದೆ. ಗೌಂಡಿ ಕೆಲಸದವರಿಂದ ರಸಮಟ್ಟ ಇಸ್ಕೊಂಡು ಬಂದು ನೋಡಿದರೆ ಕಟ್ಟೆ ಒಂದು ಕಡೆ ಸ್ವಲ್ಪ ಇಳಿಜಾರು. ಕೆಳಗೆ ರಟ್ಟು ಕೊಟ್ಟು ಮಟ್ಟ ಮಾಡಿ, ಮೇಲೆ ಥರ್ಮಾಕೋಲ್ ಹಾಕಿ ಟ್ಯಾಂಕ್ ಇಟ್ಟೆ. ಥರ್ಮಾಕೋಲ್ ತಪ್ಪಿಸಬೇಡಿ. ಕೆಳಗೊಂದು ಸಣ್ಣ ಹರಳು ಸಿಕ್ಕಿಕೊಂಡರೂ ಗಾಜು ಅಲ್ಲೇ ಸೀಳಬಹುದು. ಕಿಟಕಿಯ ಬಿಸಿಲು ನೇರ ಬೀಳದ ಜಾಗ ಇರಲಿ. ತೊಳೆಯುವಾಗ ಸೋಪು, ಸರ್ಫು ಮುಟ್ಟಿಸಬೇಡಿ.

ಮಣ್ಣಿನ ಕಥೆ ಸ್ವಲ್ಪ ಉದ್ದ. ಅಂಗಡಿಯಲ್ಲಿ ಸಿಗುವ ಅಕ್ವೇರಿಯಂ ಮಣ್ಣಿನ ಬೆಲೆ ಕೇಳಿ ಸುಮ್ನೆ ಬಂದೆ. ನವಲಗುಂದದ ಕಡೆ ನಮ್ಮ ಮಾವನ ಹೊಲ ಇದೆ, ಬಂಗಾರದಂಥ ಎರೆ ಮಣ್ಣು. ಎರಡು ಕೆಜಿ ತರಿಸಿ ಬಕೆಟ್ಟಿನಲ್ಲಿ ನೆನೆಹಾಕಿ ನೋಡಿದೆ. ಬೆಳಿಗ್ಗೆ ಹೊತ್ತಿಗೆ ಉಬ್ಬಿ ಅಂಬಲಿ ಆಗಿತ್ತು. ಮೂರು ದಿನ ಇಟ್ಟರೂ ನೀರು ತಿಳಿಯಾಗಲಿಲ್ಲ. ಅದರಲ್ಲಿ ಸುಣ್ಣದ ಅಂಶವೂ ಇರುತ್ತದೆ, ನೀರು ಇನ್ನೂ ಗಡುಸಾಗುತ್ತದೆ. ಹೊಲದ ಮಣ್ಣು ಅಂದರೆ ಯೂರಿಯಾ, ಕೀಟಕ್ಕೆ ಎಣ್ಣೆ ಹೊಡೆದದ್ದು ಎಲ್ಲ ಬೇರೆ. ಹೀಗಾಗಿ ಧಾರವಾಡದ ಕಡೆ ತಿರುಗಿದೆ. ನಮ್ಮ ಪುಣ್ಯ ನೋಡಿ, ಇಪ್ಪತ್ತು ಕಿಲೋಮೀಟರ್ ಅಂತರದಲ್ಲಿ ಮಣ್ಣೇ ಬೇರೆ. ಸಪ್ತಾಪುರದಲ್ಲಿರುವ ಗೆಳೆಯನ ಕಾಂಪೌಂಡಿನಿಂದ ಗೊಬ್ಬರ ಕಾಣದ ಕೆಂಪು ಮಣ್ಣು ತಂದೆ. ಅದರಲ್ಲಿ ಕಬ್ಬಿಣದ ಅಂಶ ಇರುತ್ತದೆ, ಗಿಡಗಳಿಗೆ ಅದು ಬೇಕು. ಜರಡಿ ಹಿಡಿದು ಬೇರು, ಕಡ್ಡಿ ತೆಗೆದು, ಒಂದು ಇಂಚು ಹಾಸಿದೆ. ಮೇಲೆ ಒಂದೂವರೆ ಇಂಚು ಸಣ್ಣ ಕಲ್ಲು. ಈ ಕಲ್ಲಿನ ಹೊದಿಕೆ ಇಲ್ಲದಿದ್ದರೆ ಮಣ್ಣು ಮೇಲೆದ್ದು ಟ್ಯಾಂಕ್ ಚಹಾ ಆಗುತ್ತದೆ.

ಕಲ್ಲಿಗೂ ಒಂದು ಪರೀಕ್ಷೆ. ಮೇಲೆ ಎರಡು ಹನಿ ವಿನೆಗರ್ ಬಿಡಿ. ನೊರೆ ಬಂದರೆ ಸುಣ್ಣದ ಕಲ್ಲು, ಬೇಡ. ನಾನು ಆಸೆಯಿಂದ ಆರಿಸಿ ತಂದಿದ್ದ ಬಿಳಿ ಕಲ್ಲು ಸೋಡಾ ಬಾಟಲಿ ತೆಗೆದಂತೆ ನೊರೆ ಬಿಟ್ಟಿತು. ಅದೀಗ ತುಳಸಿ ಕಟ್ಟೆಯಲ್ಲಿದೆ. ಸಣ್ಣ ಕಲ್ಲನ್ನು ಎಷ್ಟು ಸಲ ತೊಳೆಯಬೇಕು ಅಂದರೆ, ಸಾಕು ಅನಿಸಿದ ಮೇಲೆ ಇನ್ನೂ ನಾಲ್ಕು ಸಲ. ನಾನು ಬುಟ್ಟಿಯಲ್ಲಿ ಹಾಕಿ ಹನ್ನೊಂದು ಸಲ ಗಾಲಿಸಿದೆ. ಆ ನೀರೆಲ್ಲ ಹೋಗಿದ್ದು ನೋಡಿ ಅವ್ವನ ಸಿಟ್ಟು ನೆತ್ತಿಗೇರಿತು.

"ಯಪ್ಪಾ, ಮನಶ್ಯಾರಿಗೆ ಕುಡಿಯಾಕ ನೀರಿಲ್ಲ, ನೀ ಕಲ್ಲ ತೊಳಕೋತ ಕುಂತಿ."

ಅವಳ ಮಾತು ಸುಳ್ಳಲ್ಲ. ನಮ್ಮ ಓಣಿಗೆ ನಳದ ನೀರು ಆರು ದಿನಕ್ಕೊಮ್ಮೆ. ಬಂದಾಗ ಡ್ರಮ್ಮು, ಕೊಡ, ಹಂಡೆ ಎಲ್ಲ ತುಂಬಿಡಬೇಕು. ಉಳಿದ ದಿನ ಬಳಕೆಗೆ ಬೋರ್. ಹುಬ್ಬಳ್ಳಿ, ಗದಗ ಕಡೆ ಯಾರೇ ಟ್ಯಾಂಕ್ ಇಡಲಿ, ಮೊದಲು ಬಗೆಹರಿಸಿಕೊಳ್ಳಬೇಕಾದ್ದು ಇದನ್ನೇ. ಯಾವ ನೀರು, ಎಷ್ಟು, ಯಾವ ದಿನ.

ನೀರಿನ ಫಿಲ್ಟರ್ ಸರ್ವಿಸ್ ಮಾಡಲು ಬಂದವರ ಹತ್ತಿರ ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಪೆನ್ ಇತ್ತು. ಎರಡೂ ನೀರಿನಲ್ಲಿ ಅದ್ದಿಸಿದೆ. ಬೋರಿನದು 900 ದಾಟಿತು. ಮಲಪ್ರಭೆಯಿಂದ ಬರುವ ನಳದ ನೀರು 200ರೊಳಗೆ. ನೀರು ಕಾಯಿಸುವ ಪಾತ್ರೆಯಲ್ಲಿ ಬೋರ್ ನೀರು ಕಟ್ಟುವ ಬಿಳಿ ಪದರ ನೋಡಿದ್ದರೆ ಪೆನ್ ಕೂಡ ಬೇಕಾಗಿಲ್ಲ. ನಳದ ನೀರೇ ಅಂತ ತೀರ್ಮಾನ ಮಾಡಿದೆ. ಕುಡಿಯುವ ನೀರಿನ ಮಷಿನ್‌ನಿಂದ ಹೊರಗೆ ಹೋಗುವ ವೇಸ್ಟ್ ನೀರನ್ನು ಟ್ಯಾಂಕಿಗೆ ಹಾಕಬೇಡಿ, ಅದರಲ್ಲಿ ಲವಣ ಇನ್ನೂ ಜಾಸ್ತಿ.

ಟ್ಯಾಂಕಿನ ಅಳತೆ ಲೆಕ್ಕಕ್ಕೆ 56 ಲೀಟರ್. ಮಣ್ಣು, ಕಲ್ಲು, ಮೇಲಿನ ಖಾಲಿ ಜಾಗ ಕಳೆದರೆ ನೀರು ಹಿಡಿಯುವುದು 40 ಲೀಟರ್ ಆಸುಪಾಸು. ವಾರಕ್ಕೆ ಕಾಲುಭಾಗ ಬದಲಿಸಬೇಕು. ಅಂದರೆ ಒಂದು ಕೊಡ. ಅವ್ವನ ಜೊತೆ ಇದೇ ಒಪ್ಪಂದ ಆಯಿತು. ವಾರಕ್ಕೆ ಒಂದೇ ಕೊಡ, ಮತ್ತು ತೆಗೆದ ನೀರು ಮೋರಿಗೆ ಹೋಗುವ ಹಾಗಿಲ್ಲ, ಅವಳ ಗಿಡಗಳಿಗೆ ಹೋಗಬೇಕು.

ಕೊಡ ಪ್ಲಾಸ್ಟಿಕ್ಕಿನದೇ ಇರಲಿ. ನಮ್ಮ ಮನೆಗಳಲ್ಲಿ ತಾಮ್ರದ ಹಂಡೆಯಲ್ಲಿ ನೀರು ತುಂಬಿಡುವ ರೂಢಿ. ನಮಗೆ ಒಳ್ಳೆಯದಿರಬಹುದು, ಆದರೆ ನೀರಿಗಿಳಿದ ತಾಮ್ರ ಸೀಗಡಿಗೆ, ಶಂಖದ ಹುಳಕ್ಕೆ ವಿಷ, ಮೀನಿಗೂ ಆಗಿಬರುವುದಿಲ್ಲ.

ಗಿಡ ನೆಟ್ಟಿದ್ದು ಒಂದು ಭಾನುವಾರ. ವ್ಯಾಲಿಸ್ನೇರಿಯಾ, ಹಾರ್ನ್‌ವರ್ಟ್, ವಾಟರ್ ವಿಸ್ಟೇರಿಯಾ, ಎರಡು ಕ್ರಿಪ್ಟೊಕೊರೈನ್, ಒಂದು ಅನುಬಿಯಾಸ್, ಒಂದು ಜಾವಾ ಫರ್ನ್. ಎಲ್ಲ ಸೇರಿ 520 ರೂಪಾಯಿ. ಇವಕ್ಕೆ ಸಿಲಿಂಡರಿನಿಂದ ಕಾರ್ಬನ್ ಡೈಆಕ್ಸೈಡ್ ಗ್ಯಾಸ್ ಬಿಡುವುದು ಬೇಡ, ಭಾರೀ ಲೈಟೂ ಬೇಡ. ಕೊನೆಯ ಎರಡರ ದಪ್ಪ ಕಾಂಡವನ್ನು ಮಣ್ಣಿನಲ್ಲಿ ಹೂಳಬಾರದು, ಕೊಳೆಯುತ್ತದೆ. ಕಲ್ಲಿಗೋ ಕಟ್ಟಿಗೆಗೋ ದಾರದಿಂದ ಕಟ್ಟಿ. ನಾಲ್ಕು ಬೆರಳು ನೀರು ಹಾಕಿ ನೆಟ್ಟೆ. ಆಮೇಲೆ ಉಳಿದ ನೀರನ್ನು ಕಲ್ಲಿನ ಮೇಲೆ ಊಟದ ತಟ್ಟೆ ಇಟ್ಟು ಅದರ ಮೇಲೆ ಮೆಲ್ಲಗೆ ಸುರಿದೆ. ತಟ್ಟೆ ಹಿಡಿದವಳು ಮಗಳು. ನಡುವೆ ಕೈ ಜಾರಿ ಒಂದು ಮೂಲೆಯಲ್ಲಿ ಕೆಂಪು ಮಣ್ಣು ಹೊಗೆಯಂತೆ ಎದ್ದಿತು. ಎರಡು ದಿನಕ್ಕೆ ತಾನೇ ಕೂತಿತು.

ಆಮೇಲೆ ಕಾಯುವುದು.

ಅಮೋನಿಯಾ ನೋಡುವ ಕಿಟ್ 650, ನೈಟ್ರೈಟ್-ನೈಟ್ರೇಟ್ ನೋಡುವ ಪಟ್ಟಿಗಳು 450. ಪಟ್ಟಿ ಕೊಳ್ಳುವಾಗ ಡಬ್ಬಿ ಓದಿ, ಬಹಳಷ್ಟರಲ್ಲಿ ಅಮೋನಿಯಾ ಇರುವುದೇ ಇಲ್ಲ. ಅದಕ್ಕೆ ಬೇರೆ ಕಿಟ್ ಬೇಕು. ದಿನಾ ಒಂದು ಚಿಟಿಕೆ ಕಾಳು ಹಾಕುತ್ತಿದ್ದೆ. ತಿನ್ನಲು ಯಾರೂ ಇಲ್ಲ, ಅದು ಕೊಳೆತು ಅಮೋನಿಯಾ ಆಗಲಿ, ಬ್ಯಾಕ್ಟೀರಿಯಾಕ್ಕೆ ಊಟ ಸಿಗಲಿ ಅಂತ. ಮೇಲಿನ ಮನೆಯ ಕಾಕು ಇದನ್ನು ನೋಡಿ ಅವ್ವನಿಗೆ ಏನೋ ಪಿಸುಗುಟ್ಟಿದರು.

ಎರಡನೇ ವಾರ ಕ್ರಿಪ್ಟೊಕೊರೈನ್ ಎಲೆಗಳೆಲ್ಲ ಕರಗಿದವು. ನಿಜವಾಗಿಯೂ ಕರಗಿದವು, ಬೆಂದ ಪಾಲಕ್ ಹಾಗೆ. ಎಷ್ಟೋ ಗಿಡಗಳನ್ನು ನರ್ಸರಿಯಲ್ಲಿ ನೀರಿನ ಹೊರಗೆ ಬೆಳೆಸಿರುತ್ತಾರೆ. ಪೂರ್ತಿ ಮುಳುಗಿದ ಮೇಲೆ ಹಳೆ ಎಲೆ ಬಿಟ್ಟು ಹೊಸ ಎಲೆ ತರುತ್ತವೆ. ಕ್ರಿಪ್ಟೊಕೊರೈನ್ ಅಂತೂ ನೀರು ಬದಲಾದರೂ ಸಾಕು, ಮುನಿಸಿಕೊಳ್ಳುತ್ತದೆ. ನಾನು ಕಿತ್ತು ಎಸೆಯಲು ಕೈ ಹಾಕಿದ್ದೆ. ಗೆಳೆಯ ಫೋನಿನಲ್ಲಿ ಬೈದ, "ಬುಡ ಗಟ್ಟಿ ಐತಿಲ್ಲೋ? ಹಂಗಾದ್ರ ಬಿಡು ಅದರ ಪಾಡಿಗೆ." ಇಪ್ಪತ್ತು ದಿನಕ್ಕೆ ಬುಡದಿಂದ ಹೊಸ ಎಲೆ ಬಂತು, ಬೆರಳಿನ ಉಗುರಿನಷ್ಟು.

ಮೂರನೇ ವಾರ ಗಾಜಿನ ಮೇಲೆ, ಎಲೆಯ ಮೇಲೆ ಕಂದು ಪುಡಿ. ಹೊಸ ಟ್ಯಾಂಕಿಗೆ ಇದು ಬಂದೇ ಬರುತ್ತದೆ, ಬೆರಳಲ್ಲಿ ಒರೆಸಿದರೆ ಹೋಗುತ್ತದೆ. ಅದರ ಹಿಂದೆಯೇ ಹಸಿರು ಕೂದಲಿನಂಥ ಪಾಚಿ. ಇದು ನನ್ನದೇ ತಪ್ಪು. ನೋಡಲು ಚೆಂದ ಅಂತ ರಾತ್ರಿ ಹನ್ನೊಂದರವರೆಗೆ ಲೈಟ್ ಹಾಕಿಡುತ್ತಿದ್ದೆ. 350 ರೂಪಾಯಿಯ ಟೈಮರ್ ಪ್ಲಗ್ ತಂದು ದಿನಕ್ಕೆ ಆರು ತಾಸಿಗೆ ಇಳಿಸಿದೆ. ಸಂಜೆ ನಾಲ್ಕರಿಂದ ಹತ್ತು. ಮನೆಯಲ್ಲಿ ಎಲ್ಲರೂ ಇರುವ ಹೊತ್ತು ಅದೇ ಅಲ್ವಾ. ಪಾಚಿ ಎರಡು ವಾರದಲ್ಲಿ ಹಿಂದೆ ಸರಿಯಿತು. ಗಿಡದ ಜೊತೆ ಬಂದ ಪುಟ್ಟ ಶಂಖದ ಹುಳಗಳೂ ಹೊತ್ತಿಗೆ ಸರಿಯಾಗಿ ಹೆಚ್ಚಾದವು. ಮೊದಲು ಆರಿಸಿ ಹಾಕುತ್ತಿದ್ದೆ, ಈಗ ಬಿಟ್ಟಿದ್ದೇನೆ. ಕೊಳೆತ ಎಲೆ ತಿನ್ನುತ್ತವೆ, ಅವುಗಳ ಪಾಡು ಅವಕ್ಕೆ.

ಅದೇ ವಾರ ಗೆಳೆಯ ತನ್ನ ಹಳೆಯ ಟ್ಯಾಂಕಿನ ಸ್ಪಂಜಿನ ಒಂದು ತುಂಡು ಕೊಟ್ಟ. ಬ್ಯಾಕ್ಟೀರಿಯಾದ ಹೆಪ್ಪು ಅನ್ನಿ, ಮೊಸರಿಗೆ ಹಾಕುವ ಹಾಗೆ. ಒಣಗಬಾರದು, ನಳದ ಕೆಳಗೆ ತೊಳೆಯಬಾರದು. ಅವನ ಟ್ಯಾಂಕಿನ ನೀರಿನ ಸಮೇತ ಡಬ್ಬಿಯಲ್ಲಿ ಹಾಕಿಕೊಂಡು ಚಿಗರಿ ಬಸ್ಸಿನಲ್ಲಿ ಮಡಿಲಲ್ಲಿ ಇಟ್ಟುಕೊಂಡು ಬಂದೆ. ಪಕ್ಕದಲ್ಲಿ ಕೂತ ಹಿರಿಯರು, "ಏನ್ರೀ ಅದು, ಸಾರ ಚೆಲ್ಲಾಕತ್ತೇತಿ" ಅಂದರು. ಹೌದ್ರೀ ಅಂದೆ. ಮತ್ತೇನು ಹೇಳಲಿ.

ಐದನೇ ವಾರಕ್ಕೆ ಅಮೋನಿಯಾ ಸೊನ್ನೆ. ಕುಣಿದೆ. ಅದೇ ಖುಷಿಯಲ್ಲಿ ಕೆಡಿಸಿಕೊಂಡೆ. ಅವತ್ತು ನಳ ಬರುವ ದಿನ. ಹೇಗೂ ತಾಜಾ ನೀರು ಬರುತ್ತಿದೆ ಅಂತ ನಳಕ್ಕೆ ಕೊಡ ಹಿಡಿದು ನೇರ ಟ್ಯಾಂಕಿಗೆ ಸುರಿದೆ. ಬ್ಲೀಚಿಂಗ್ ವಾಸನೆ ಮೂಗಿಗೆ ಬಡಿದಾಗ ಅರ್ಧ ಕೊಡ ಒಳಗಿತ್ತು. ಮರುದಿನ ಅಮೋನಿಯಾ ಮತ್ತೆ ಕಾಣಿಸಿಕೊಂಡಿತು. ಕ್ಲೋರಿನ್ ಇರುವುದೇ ಬ್ಯಾಕ್ಟೀರಿಯಾ ಕೊಲ್ಲಲು, ಅದು ತನ್ನ ಕೆಲಸ ಮಾಡಿತ್ತು. ತಮಾಷೆ ಅಂದರೆ ಪಕ್ಕದಲ್ಲೇ ಡ್ರಮ್ಮಿನಲ್ಲಿ ಆರು ದಿನದ ಹಿಂದಿನ ನೀರು ಇತ್ತು. ತೆರೆದ ಪಾತ್ರೆಯಲ್ಲಿ ಒಂದು ಹಗಲು-ರಾತ್ರಿ ಇಟ್ಟರೆ ಕ್ಲೋರಿನ್ ಹಾರಿಹೋಗುತ್ತದೆ. ಕ್ಲೋರಿನ್ ಬದಲು ಬೇಗ ಹಾರಿಹೋಗದ ಕ್ಲೋರಮಿನ್ ಬೆರೆಸುವ ಊರಾದರೆ ಇದು ನಡೆಯುವುದಿಲ್ಲ, ಅದನ್ನು ಕಳೆಯುವ ಔಷಧವೇ ಬೇಕು. ಆರು ದಿನಕ್ಕೊಮ್ಮೆ ನೀರು ಬರುವುದನ್ನು ಇಷ್ಟು ವರ್ಷ ಬೈದಿದ್ದೇನೆ, ಮೀನಿನ ಟ್ಯಾಂಕಿಗೆ ಬೇಕಾದ ಹಳಸಿದ ನೀರು ಮಾತ್ರ ಮನೆಯಲ್ಲಿ ಸದಾ ಸಿದ್ಧ ಇರುತ್ತದೆ! ಡ್ರಮ್ಮಿನ ಮುಚ್ಚಳ ಬಿಗಿಯಾಗಿದ್ದರೆ ಬಳಸುವ ಹಿಂದಿನ ದಿನ ಕೊಡಕ್ಕೆ ತುಂಬಿ, ಮೇಲೆ ಬಟ್ಟೆ ಕಟ್ಟಿಡಿ. ಸೊಳ್ಳೆ ಮೊಟ್ಟೆ ಇಡುತ್ತದೆ.

ಶಿವರಾತ್ರಿಯ ಜಾಗರಣೆ ನಾನು ಬೇರೆಯೇ ಕಾರಣಕ್ಕೆ ಮಾಡಿದೆ. ರಾತ್ರಿ ಒಂದಕ್ಕೆ ಕರೆಂಟ್ ಹೋಯಿತು. ಸ್ವಲ್ಪ ಹೊತ್ತಿಗೆ ಹಾಲ್‌ನಲ್ಲಿ ನಡೆದರೆ ಕಾಲಿಗೆ ತಣ್ಣಗೆ. ಸ್ಪಂಜ್ ಫಿಲ್ಟರಿಗೆ ಗಾಳಿ ಊದುವ ಏರ್ ಪಂಪ್ ಅನ್ನು ಟ್ಯಾಂಕಿಗಿಂತ ಕೆಳಗೆ ನೆಲದ ಮೇಲಿಟ್ಟಿದ್ದೆ. ಗಾಳಿ ನಿಂತ ಕೂಡಲೇ ಅದೇ ಸಣ್ಣ ನಳಿಕೆಯಲ್ಲಿ ನೀರು ವಾಪಸ್ ಇಳಿದು, ಪಂಪಿನ ಮೂಲಕ ನೆಲಕ್ಕೆ. ಎಕ್ಸ್‌ಟೆನ್ಷನ್ ಬೋರ್ಡಿಗೆ ಒಂದು ಗೇಣು ದೂರದಲ್ಲಿ ಹರಿದು ನಿಂತಿತ್ತು. ಕರೆಂಟ್ ಬಂದಿದ್ದರೆ ಏನಾಗುತ್ತಿತ್ತು ಅಂತ ಈಗಲೂ ನೆನೆಸಿಕೊಳ್ಳುವುದಿಲ್ಲ. ನೀರು ವಾಪಸ್ ಬಾರದ ಹಾಗೆ ತಡೆಯುವ 30 ರೂಪಾಯಿಯ ಚೆಕ್ ವಾಲ್ವ್ ನಳಿಕೆಗೆ ಹಾಕಿದ್ದರೆ ಇದು ಆಗುತ್ತಿರಲಿಲ್ಲ. ಮರುದಿನವೇ ತಂದೆ, ಪಂಪನ್ನು ಗೋಡೆಯ ಮೊಳೆಗೆ ಟ್ಯಾಂಕಿಗಿಂತ ಮೇಲೆ ತೂಗುಹಾಕಿದೆ. ವಾಲ್ವಿಗೆ ಬಾಣದ ಗುರುತು ಇರುತ್ತದೆ, ಅದು ಟ್ಯಾಂಕಿನ ಕಡೆ ತೋರಿಸಬೇಕು. ವೈರುಗಳು ಪ್ಲಗ್ಗಿಗಿಂತ ಕೆಳಗೆ ಜೋತು ಬೀಳುವ ಹಾಗೆ ಬಿಡಿ. ಹನಿ ಹರಿದು ಬಂದರೂ ಕೆಳಗೇ ತೊಟ್ಟಿಕ್ಕುತ್ತದೆ, ಪ್ಲಗ್ಗಿಗೆ ಏರುವುದಿಲ್ಲ.

ಏಳನೇ ವಾರದ ಕೊನೆಗೆ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ. ನಂಬದೆ ಇನ್ನೊಂದು ವಾರ ಬಿಟ್ಟೆ. ಹೋಳಿ ಹುಣ್ಣಿಮೆಯ ಮರುದಿನ ಮಗಳನ್ನು ಕರೆದುಕೊಂಡು ಹೋಗಿ ಎಂಟು ಗಪ್ಪಿ ತಂದೆವು. ಒಂದಕ್ಕೆ 25 ರೂಪಾಯಿ. ಗಪ್ಪಿ ಸ್ವಲ್ಪ ಗಡುಸು ನೀರಿಗೂ ಹೊಂದಿಕೊಳ್ಳುತ್ತದೆ. ಸೊಳ್ಳೆ ಮರಿ ತಿನ್ನಲು ಬಾವಿ, ತೊಟ್ಟಿಗಳಿಗೆ ಬಿಡುವ ಮೀನು ಅದೇ. ಕವರನ್ನು ಇಪ್ಪತ್ತು ನಿಮಿಷ ಟ್ಯಾಂಕಿನಲ್ಲಿ ತೇಲಿಸಿ, ಐದೈದು ನಿಮಿಷಕ್ಕೆ ಒಂದು ಲೋಟ ನಮ್ಮ ನೀರು ಬೆರೆಸಿ, ಕೊನೆಗೆ ಮೀನನ್ನಷ್ಟೇ ಜಾಳಿಗೆಯಲ್ಲಿ ಎತ್ತಿ ಬಿಟ್ಟೆವು. ಅಂಗಡಿಯ ನೀರು ಒಳಗೆ ಹಾಕಬೇಡಿ. ಅಂದು ರಾತ್ರಿ ಮೂರು ಸಲ ಎದ್ದು ಟಾರ್ಚ್ ಬಿಟ್ಟು ನೋಡಿದೆ. ಮೇಲೆ ಯಾರೂ ಬಾಯಿ ಬಿಡುತ್ತಿರಲಿಲ್ಲ. ವಿಸ್ಟೇರಿಯಾ ಎಲೆಯ ಕೆಳಗೆ ಸುಮ್ನೆ ನಿಂತಿದ್ದವು. ಮಗಳು ಈ ಸಲ ಹೆಸರಿಡಲಿಲ್ಲ. ಒಂದು ತಿಂಗಳು ಬದುಕಲಿ, ಆಮೇಲೆ ಇಡ್ತೀನಿ ಅಂದಳು.

ಖರ್ಚು ಕೇಳುವವರಿಗೆ: ಟ್ಯಾಂಕ್ 1,500, ಎಲ್‌ಇಡಿ ಲೈಟ್ 850, ಸ್ಪಂಜ್ ಫಿಲ್ಟರ್ ಮತ್ತು ಏರ್ ಪಂಪ್ 480, ಕಲ್ಲು 300. ಗಿಡ, ಕಿಟ್, ಟೈಮರ್, ವಾಲ್ವ್, ಗಪ್ಪಿ ಮೇಲೆ ಹೇಳಿದ್ದು. ಮಣ್ಣು ಪುಕ್ಕಟೆ. ಮೊದಲ ಸಲ ಸತ್ತ ಮೀನಿಗೆ 360, ಆ ನಾಲ್ಕು ಹನಿಯ ಬಾಟಲಿಗೆ 220. ಎಲ್ಲ ಕೂಡಿ 5,910. ಕರೆಂಟ್ ಬಗ್ಗೆ ಮನೆಯವರು ಹೆದರಿದ್ದರು. 12 ವಾಟ್ ಲೈಟ್ ಆರು ತಾಸು, 3 ವಾಟ್ ಪಂಪ್ ಇಡೀ ದಿನ, ತಿಂಗಳಿಗೆ ನಾಲ್ಕೂವರೆ ಯೂನಿಟ್ ಕೂಡ ಆಗುವುದಿಲ್ಲ.

ಈಗ ಏಪ್ರಿಲ್. ಮಧ್ಯಾಹ್ನ ಟ್ಯಾಂಕಿನ ನೀರು 31 ಡಿಗ್ರಿ ಮುಟ್ಟುತ್ತದೆ. ಬಿಸಿ ನೀರಿನಲ್ಲಿ ಆಮ್ಲಜನಕ ಕಮ್ಮಿ, ಅದಕ್ಕೆ ಪಂಪ್ ನಿಲ್ಲಿಸುವುದೇ ಇಲ್ಲ, ಸಣ್ಣ ಟೇಬಲ್ ಫ್ಯಾನ್ ನೀರಿನ ಮೇಲೆ ತಿರುಗಿಸಿಟ್ಟರೆ ಎರಡು ಡಿಗ್ರಿ ಇಳಿಯುತ್ತದೆ. ನೀರು ಬೇಗ ಆರುತ್ತದೆ, ಲವಣ ಅಲ್ಲೇ ಉಳಿಯುತ್ತದೆ. ಆರಿದ ಜಾಗಕ್ಕೆ ಬೋರ್ ನೀರು ಸುರಿಯಬೇಡಿ.

ಕಳೆದ ವಾರ ಹಾರ್ನ್‌ವರ್ಟ್ ನಡುವೆ ಏನೋ ಕಡ್ಡಿ ಚೂರು ಅಲ್ಲಾಡಿದಂತಾಯಿತು. ಮರಿ. ಎರಡು ಕಣ್ಣು, ಒಂದು ಬಾಲ, ಅಷ್ಟೇ. ಮಗಳು ಎಣಿಸಿದರೆ ಹದಿನಾಲ್ಕು, ನಾನು ಎಣಿಸಿದರೆ ಹನ್ನೊಂದು. ಮೇಲಿನ ಮನೆಯ ಕಾಕು ತಮಗೂ ನಾಲ್ಕು ಬೇಕು ಅಂದರು. ಕೊಡೋಣ ಅಂತ ಲೋಟ ತಂದೆ.

"ಅವರ ಮನ್ಯಾಗ ನೀರ ತಯಾರ ಐತೇನ?" ಅಂದಳು ಅವ್ವ. "ಮದಲ ಎಂಟ ವಾರ ಹುಲ್ಲ ಬೆಳಸ್ಲಿ."